ಬಿದ್ದವಳಿಗೆ ಓಡು ಎಂದರು

2021ರ ಚಳಿಗಾಲದಲ್ಲಿ ನನಗೆ ಕೋವಿಡ್ ಬಂದು ಹೋಯಿತು. ಜ್ವರ ಇಳಿಯಿತು, ಕೆಮ್ಮು ನಿಂತಿತು. ಆದರೆ ಎದ್ದು ನಿಂತರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಟೌನ್‌ಹೌಸಿನ ಮೆಟ್ಟಿಲ ಮೇಲೆ ಬಟ್ಟೆಬುಟ್ಟಿ ಹಿಡಿದು ಕೂತು, ಕಣ್ಣಿಗೆ ಕವಿದ ಕತ್ತಲೆ ಸರಿಯುವುದನ್ನು ಕಾಯುತ್ತಿದ್ದೆ.

ನನ್ನ ಗಂಡ, ಇಲ್ಲಿನ ಕನ್ನಡದವರೆಲ್ಲ ಗೌರವಿಸುವ ಹಿರಿಯ ಡಾಕ್ಟರ್ ಅಂಕಲ್ ಒಬ್ಬರಿಗೆ ಫೋನ್ ಮಾಡಿ ನನ್ನ ಟೆಸ್ಟ್ ರಿಪೋರ್ಟುಗಳನ್ನು ಓದಿ ಹೇಳಿದರು. ಸ್ಪೀಕರಿನಲ್ಲೇ ತೀರ್ಪು ಬಂತು: “ಟೆಸ್ಟ್ ಎಲ್ಲಾ ನಾರ್ಮಲ್ ಇದೆಯಲ್ಲಪ್ಪ. ಮನೇಲಿ ಕೂತೂ ಕೂತೂ ಹೀಗಾಗಿದೆ. ಟ್ರೆಡ್‌ಮಿಲ್ ಮೇಲೆ ಓಡ್ಸು, ಸರಿ ಹೋಗ್ತಾಳೆ.”

ಓಡ್ಸು, ಅಂತೆ. ನಾನು ಅಲ್ಲೇ ಸೋಫಾ ಮೇಲೆ ಮಲಗಿದ್ದೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಬೇಸ್‌ಮೆಂಟಿನಲ್ಲಿ ಗಂಡ ಪಕ್ಕದಲ್ಲೇ ನಿಂತು, “ಇನ್ನೊಂಚೂರು, ಪುಶ್ ಮಾಡು” ಎನ್ನುತ್ತಿದ್ದರು. ಓಡಿದೆ. ಒಂದು ದಿನ ಇಳಿಯುವಾಗ ಕುಸಿದುಬಿದ್ದೆ. ಆಮೇಲೆ ವಾರವಿಡೀ ಹಾಸಿಗೆ. ಬಾತ್‌ರೂಮಿಗೂ ಗೋಡೆ ಹಿಡಿದೇ ಹೋಗಬೇಕಿತ್ತು. “ನೋಡು, ಎಷ್ಟು ವೀಕ್ ಆಗಿದೀಯ. ಇನ್ನೂ ಜಾಸ್ತಿ ಮಾಡ್ಬೇಕು” ಎಂದರು ಗಂಡ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ನಾನೇ ನರರೋಗ ತಜ್ಞೆಯೊಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಅವರು ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಹೃದಯ ಚೆನ್ನಾಗಿಯೇ ಇದೆ, ಅದರ ವೇಗ ನಿರ್ಧರಿಸುವ ನರಗಳು ಹಳಿ ತಪ್ಪಿವೆ ಎಂದರು. ಸದ್ಯಕ್ಕೆ ಮಲಗಿ ಮಾಡುವ ವ್ಯಾಯಾಮ ಮಾತ್ರ. ಅದನ್ನೂ ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಕಾರಿಗೆ ಬಂದು ಅತ್ತುಬಿಟ್ಟೆ. ಸಮಾಧಾನಕ್ಕಲ್ಲ, ಸಿಟ್ಟಿಗೆ.

ಬೇಸಿಗೆಯಲ್ಲಿ ಒಬ್ಬರ ಮನೆಯ ಊಟದಲ್ಲಿ ಅಂಕಲ್ ಸಿಕ್ಕರು. “ಏನಮ್ಮಾ, ಓಡ್ತಾ ಇದ್ದೀಯಾ?”

“ಅಂಕಲ್, ಒಂದ್ಸಲನಾದ್ರೂ ನನ್ನ ಪಲ್ಸ್ ನೋಡಿದ್ರಾ?”

“ಫೋನಲ್ಲಿ ಹೇಗಮ್ಮಾ…”

“ನನ್ನ ಹತ್ರ ಮಾತಾದ್ರೂ ಆಡಬಹುದಿತ್ತು. ನೀವು ಹೇಳಿದ್ರಿ ಅಂತ ಓಡಿ ಬಿದ್ದೆ.”

ಸುತ್ತಲಿದ್ದವರು ತಟ್ಟೆ ನೋಡತೊಡಗಿದರು. ಅಂಕಲ್ ನೀರು ತರುವ ನೆಪದಲ್ಲಿ ಎದ್ದು ಹೋದರು.

ಕಾರಿನಲ್ಲಿ ಗಂಡ ಶುರುಮಾಡಿದರು: “ದೊಡ್ಡವರು ಕಣೇ, ಎಲ್ಲರ ಮುಂದೆ ಹಾಗಾ ಮಾತಾಡೋದು?”

“ಅವರು ಫೋನಲ್ಲಿದ್ರು. ನೀವು ಪಕ್ಕದಲ್ಲೇ ಇದ್ರಿ.”

ಮನೆ ತಲುಪಿದೆವು. ಗ್ಯಾರೇಜಿನಲ್ಲಿ ಇಂಜಿನ್ ಆಫ್ ಮಾಡಿ, “ತಪ್ಪಾಯ್ತು” ಎಂದರು. ಪರವಾಗಿಲ್ಲ ಎಂದು ನಾನು ಹೇಳಲಿಲ್ಲ.

ಈಗ ಹತ್ತಿರದ ಕೆರೆಯ ಸುತ್ತ ನಡೆಯುತ್ತೇನೆ. ಬೇಕಾದಲ್ಲಿ ಕೂರುತ್ತೇನೆ, ಗಂಡ ಏನೂ ಹೇಳದೆ ಪಕ್ಕದಲ್ಲಿ ಕೂರುತ್ತಾರೆ. ಸಿಟ್ಟೂ ಎದೆಬಡಿತ ಏರಿಸುತ್ತದೆ, ಬಿಟ್ಟುಬಿಡಿ ಎಂದಿದ್ದಾರೆ ತಜ್ಞೆ. ಅವರು ಹೇಳಿದ ಉಳಿದದ್ದನ್ನೆಲ್ಲ ಮಾಡುತ್ತಿದ್ದೇನೆ.