ನೀಲಿ ಕೆಸರು ತಳ ಸೇರುವ ತನಕ

ಬೆಳಗಿನ ಐದು ಗಂಟೆ. ಗೋರೆಗಾಂವ್‌ನ ಶರಬತ್ತಿನ ಕಾರ್ಖಾನೆಯ ಹಿಂದೆ ಮಕ್ತುಮಸಾಬ ಗುಂಡಿಯ ಅಂಚಿಗೆ ಕೂತು, ನಿನ್ನೆ ಹಂಡೆ ತೊಳೆದ ನೀರಿಗೆ ಸುಣ್ಣ ಸುರಿದು ಕೋಲಿನಿಂದ ಕದಡುತ್ತಿದ್ದಾರೆ. ಹಸಿರು ನೀರು ಮಬ್ಬಾಗಿ, ನೀಲಿ ಕೆಸರು ಮೆಲ್ಲಗೆ ತಳ ಸೇರುತ್ತದೆ. ಅದಕ್ಕೊಂದು ತಾಸು ಬೇಕು. ಪಾಳಿ ಶುರುವಾಗುವುದು ಆರಕ್ಕೆ. ಈ ತಾಸಿನ ಲೆಕ್ಕ ಯಾರೂ ಇಟ್ಟಿಲ್ಲ, ಕಾರ್ಖಾನೆಯವರಿಗೆ ಇವರ ಪೂರ್ತಿ ಹೆಸರೂ ಗೊತ್ತಿಲ್ಲ.

ಬಿಜಾಪುರ ಕಡೆಯ ಕಲಾಯಿಗಾರರ ಮನೆತನ. ಮುಂಬಯಿಗೆ ಬಂದು ಇಪ್ಪತ್ತು ವರ್ಷ. ರಸ ಕುದಿಸುವ ಹನ್ನೊಂದು ತಾಮ್ರದ ಹಂಡೆಗಳನ್ನು ಆಸಿಡ್ ಹಾಕಿ ತಿಕ್ಕುವುದು ದಿನದ ಕೆಲಸ. ಆ ನೀರು ಹಿಂದಿನ ನಾಲಾಕ್ಕೆ, ಕೊಳಚೆ ಕಾಲುವೆಗೆ, ಹೋಗುತ್ತದೆ. ನಾಲಾದ ನೀರನ್ನು ರೈಲುಹಳಿ ಪಕ್ಕದ ಪಾಲಕ್ ಮಡಿಗಳಿಗೆ ಎತ್ತಿ ಹಾಕುವವಳು ಭಾಗವ್ವ, ಇವರ ಊರ ಕಡೆಯ ಹೆಂಗಸು. ಆ ಪಾಲಕ್ ಮಲಾಡ್ ಮಾರ್ಕೆಟ್ಟಿಗೂ ಇವರ ಚಾಳಿನ ಒಲೆಗಳಿಗೂ ಹೋಗುತ್ತದೆ.

೧೯೭೧ರಲ್ಲಿ ಪಾಲಕ್ ಎಲೆ ಹಳದಿಯಾಗಿ ಬೇರು ಸುಟ್ಟುಹೋದವು. ಭಾಗವ್ವ ಹರಕೆ ಹೊತ್ತಳು. "ಆಕಿ ದೇವರನ್ನ ಕೇಳಾಕತ್ತಿದ್ಳು. ಹಂಡೇ ತಿಕ್ಕಿ ನನ್ನ ಕೈಯಾಗಿನ ಚರ್ಮಾನೂ ಸುಲದಿತ್ತು. ಇದು ನಂದ ನೀರು ಅಂತ ನನಗ ಗೊತ್ತಿತ್ತರಿ," ಎನ್ನುತ್ತಾರೆ ಮಕ್ತುಮಸಾಬ. ಗೊತ್ತಿದ್ದೂ ಎರಡು ತಿಂಗಳು ಬಾಯಿ ಬಿಡಲಿಲ್ಲ. ನೌಕರಿಯ ಭಯ. ಅದನ್ನು ಹೇಳುವಾಗ ಇವರು ನಮ್ಮ ಮುಖ ನೋಡುವುದಿಲ್ಲ.

ಒಂದು ಮಧ್ಯಾಹ್ನ ತಂಬಾಕಿಗೆ ತಿಕ್ಕುವ ಸುಣ್ಣದ ಡಬ್ಬಿ ಜಾರಿ, ಹಂಡೆ ತೊಳೆದ ನೀರಿನ ಬಕೆಟ್ಟಿಗೆ ಬಿತ್ತು. ಊಟ ಮುಗಿಸಿ ತೆಗೆಯಲು ಬಂದರೆ ಅಡಿಯಲ್ಲಿ ನೀಲಿ ಗಸಿ, ಮೇಲೆ ತಿಳಿನೀರು. ನೀರಿನಲ್ಲಿದ್ದ ತಾಮ್ರವನ್ನು ಸುಣ್ಣ ಕೆಳಗಿಳಿಸಿತ್ತು. ಅಂದೇ ಸಂಜೆ ಭಾಗವ್ವನ ಮುಂದೆ ನಿಂತು ತಪ್ಪು ಒಪ್ಪಿಕೊಂಡರು. ಆಕೆ ಒಂದು ವರ್ಷ ಮಾತು ಬಿಟ್ಟಳು. ಇವರು ರಜೆಯ ದಿನಗಳಲ್ಲಿ ಒಬ್ಬರೇ ಈ ಗುಂಡಿ ತೋಡಿ ಇಟ್ಟಿಗೆ ಕಟ್ಟಿದರು. ಈಗ ವಾರಕ್ಕೆ ಎರಡು ಡಬ್ಬ ಕೆಸರು ತುಂಬುತ್ತದೆ.

ಬಾಟಲಿ ಇಡಲು ಜಾಗ ಸಾಲದೆಂದು ಗುಂಡಿ ಮುಚ್ಚುವ ಮಾತು ಈ ವರ್ಷ, ೧೯೭೪ರಲ್ಲಿ, ಎದ್ದಿದೆ. "ಬಾಟಲಿ ಎಲ್ಲೆರ ಇಡಬಹುದು ಸಾಹೇಬ್ರ. ಈ ನೀರು ಎಲ್ಲಿ ಇಡೂದು? ಇದೊಂದು ಗುಂಡಿ ಬಿಟ್ರ ಸಾಕು," ಎಂದು ಸೂಪರ್‌ವೈಸರ್‌ಗೆ ಮೂರು ಸಲ ಹೇಳಿದ್ದಾರೆ. 

ವಿಷವೆಲ್ಲ ಇಳಿಯಿತೇ ಎಂದು ನೋಡುವ ಯಂತ್ರ ಇವರ ಬಳಿ ಇಲ್ಲ. ಹಾಗಾಗಿ ಪ್ರತಿ ಕೊಯ್ಲಿನ ಮೊದಲ ಸಿವುಡು ಇವರ ಮನೆಗೆ. ಹೆಂಡತಿ ಅಕ್ಬರಬಿ ಬೇಯಿಸುತ್ತಾರೆ, ಇವರೊಬ್ಬರೇ ತಿನ್ನುತ್ತಾರೆ. ಮೂರು ದಿನ ಇವರಿಗೇನೂ ಆಗದಿದ್ದರೆ ಮಾತ್ರ ಉಳಿದದ್ದನ್ನು ಕೊಯ್ದು ಭಾಗವ್ವನ ಬುಟ್ಟಿ ಮಾರ್ಕೆಟ್ಟಿಗೆ ಹೊರಡುವುದು.

"ನೀರು ಬಿಟ್ಟಾಂವ ನಾ," ಎನ್ನುತ್ತಾರೆ ಮಕ್ತುಮಸಾಬ. "ಮೊದಲ ನಾನ ತಿನಬೇಕಲ್ರಿ."