ಬೆಳ್ಳಗಾದ ಗ್ರೀಸ್

“ಸಿದ್ದಪ್ಪನ್ನ ಇವತ್ತ ಮನಿಗಿ ಕಳಸಿಬಿಡ್ರಿ. ನಾಳಿಂದ ಅಂವ ಬರೂದ ಬ್ಯಾಡ.”

ಇಷ್ಟು ಹೇಳಿ ನಮ್ಮ ಸಾಹುಕಾರರು ಫೋನ್ ಇಟ್ಟರು. (ಅವರು ಕೂರುವುದು ಗೋಕಾಕದ ಆಫೀಸಿನಲ್ಲಿ. ಸಿಟ್ಟು ಮಾತ್ರ ಮೂಡಲಗಿವರೆಗೂ ಬಿಸಿಬಿಸಿಯಾಗಿಯೇ ತಲುಪುತ್ತದೆ.)

ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ಜೊತೆ ಹರಟುವ ನಾನು ಉಳಿದ ದಿನ ನೋಡಿಕೊಳ್ಳುವುದು ಮೂಡಲಗಿ ಬಳಿಯ ಅವರ ಬೆಲ್ಲದ ಕಾರ್ಖಾನೆಯ ಯಂತ್ರಗಳನ್ನು. ಆ ಬೆಳಿಗ್ಗೆ ಕಬ್ಬು ಅರೆಯುವ ಗಾಣ ಮತ್ತೆ ನಿಂತಿತ್ತು. ಮತ್ತೆ ಅದೇ ಬೇರಿಂಗ್ ಜಾಮ್. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬೇರಿಂಗಿಗೆ ಗ್ರೀಸ್ ಹಾಕುವುದು ಫಿಟ್ಟರ್ ಸಿದ್ದಪ್ಪ. ಹಾಗಾಗಿ ತಪ್ಪೂ ಅವನದೇ. ಎಷ್ಟು ಸುಲಭ ಅಲ್ಲವೇ?

“ನಾ ದಿನಾ ಗ್ರೀಸ್ ಹಾಕೇನ್ರಿ ಸರ,” ಎಂದ ಸಿದ್ದಪ್ಪ. ಘೋಡಗೇರಿಯ ಮನೆಯಲ್ಲಿ ಅವನ ಹೆಂಡತಿ ತುಂಬು ಬಸುರಿ. ಅಂಥವನಿಗೆ ‘ನಾಳೆಯಿಂದ ಬರಬೇಡ’ ಎನ್ನಬೇಕಾದವನು ನಾನು.

ಆಗ ಮುಂದೆ ಬಂದದ್ದು ರೇಖಾ. ಹುಕ್ಕೇರಿಯವಳು. ಬೆಲ್ಲದ ಬಣ್ಣವೋ ರುಚಿಯೋ ಕೆಟ್ಟರೆ ಕಾರಣ ಹುಡುಕುವ ಕ್ವಾಲಿಟಿ ವಿಭಾಗ ಅವಳದು.

“ಮಧ್ಯಾಹ್ನದ ತನಕ ತಡೀರಿ ಸರ. ಬೆಲ್ಲ ಕೆಟ್ಟಾಗ ಯಾಕ, ಯಾಕ ಅಂತ ಬುಡದ ತನಕ ಕೇಳ್ಕೊಂತ ಹೋಗ್ತೇವಲ್ಲ? ಮಷೀನಿಗೂ ಹಂಗ ಕೇಳೂಣು.”

ಕೇಳಿದೆವು. ಬೇರಿಂಗ್ ಯಾಕೆ ಜಾಮ್ ಆಯಿತು? ಬಿಚ್ಚಿ ನೋಡಿದರೆ ಒಳಗೆ ಗ್ರೀಸ್ ಇತ್ತು! ಆದರೆ ನೀರು ಸೇರಿ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. (ಸಿದ್ದಪ್ಪ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.)

ನೀರು ಯಾಕೆ ಬಂತು?

“ಕಬ್ಬಿನ ಹಾಲು ಸಿಡದು ನೆಲ ಅಂಟಂಟ ಆಗತೈತ್ರಿ, ಕಾಲು ಜಾರತಾವ. ಅದಕ್ಕ ಪೈಪ್ ಹಿಡದು ತೊಳೀತೇನ್ರಿ,” ಎಂದಳು ಕಸ ಗುಡಿಸುವ ಶಾಂತವ್ವ.

ಬೇರಿಂಗಿಗೆ ಕವರ್ ಇತ್ತಲ್ಲ? ಇತ್ತು, ಮೂಲೆಯಲ್ಲಿ. ಯಾಕೆ ತೆಗೆದಿಟ್ಟರು? ಅದನ್ನು ಹಾಕಿದರೆ ಗ್ರೀಸ್ ಗನ್ ಒಳಗೆ ತಲುಪುವುದಿಲ್ಲ. ಕವರ್ ತೆಗೆಯದೆ ಗ್ರೀಸ್ ಹಾಕಲಾಗದು, ತೆಗೆದರೆ ಹಾಕಿದ ಗ್ರೀಸ್ ಉಳಿಯದು!

ಸಾಹುಕಾರರಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ತೋರಿಸಿದೆ.

“ಆ ಕವರ್ ಮಾಡಿದಂವ ಯಾರು?” ಗುಡುಗಿದರು.

ರೇಖಾ ಫೋನಿನ ಮುಂದೆ ಬಂದಳು. “ಅಂವನ್ನೂ ಮನಿಗಿ ಕಳಸಿದ್ರ ಗಾಣ ತಿರಗತೈತೇನ್ರಿ ಸಾಹುಕಾರ್ರ?”

ನಾನು ಕಣ್ಣು ಮುಚ್ಚಿಕೊಂಡೆ. ಇವಳ ಕೆಲಸವೂ ಹೋಯಿತು! ಆದರೆ ಆ ಕಡೆಯಿಂದ ಕೇಳಿಸಿದ್ದು: “ಏನ್ ಮಾಡಬೇಕೋ ಅದನ್ನ ಮಾಡ್ರಿ. ಸಿದ್ದಪ್ಪ ಇರಲಿ.”

ಸಿದ್ದಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. ನನ್ನ ಎದೆಯ ಮೇಲಿನ ಕಲ್ಲಂತೂ ಇಳಿಯಿತು.

ಹೊಸ ಬೇರಿಂಗ್ ಕೂರಿಸಿದೆವು. ಕವರಿಗೊಂದು ತೂತು ಕೊರೆದು, ಗ್ರೀಸ್ ಹಾಕುವ ಸಣ್ಣ ನಳಿಕೆಯನ್ನು ಹೊರಗೆ ತಂದೆವು. ಇನ್ನು ಕವರ್ ತೆಗೆಯುವ ಮಾತೇ ಇಲ್ಲ. ಸಂಜೆಗೆ ಗಾಣ ತಿರುಗಿತು, ಟ್ರ್ಯಾಕ್ಟರುಗಳು ಒಳಗೆ ಬಂದವು. ಹಂಗಾಮು ಮುಗಿಯುವ ತನಕ ಆ ಬೇರಿಂಗ್ ತಕರಾರು ಮಾಡಲಿಲ್ಲ. ನಡುವೆ ಸಿದ್ದಪ್ಪನಿಗೆ ಹೆಣ್ಣು ಮಗು ಹುಟ್ಟಿತು, ಎಲ್ಲರಿಗೂ ಪೇಢೆ ಹಂಚಿದ. (ಬೆಲ್ಲದ ಕಾರ್ಖಾನೆಯಲ್ಲಿ ಪೇಢೆ!)

ಇದೇನು ಕಾರ್ಖಾನೆಯ ಕಥೆ ಮಾತ್ರವೇ? ಮನೆಯಲ್ಲಿ ಮಿಕ್ಸರ್ ಸುಟ್ಟರೆ, ಮಗುವಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆಯಾದರೆ ನಮ್ಮ ಮೊದಲ ಪ್ರಶ್ನೆಯೂ ‘ಯಾರು?’ ಎಂಬುದೇ. ಒಬ್ಬರು ಸಿಕ್ಕರೆ ಸಾಕು, ಬೈದು ಹಗುರಾಗುತ್ತೇವೆ. ಕಾರಣ ಮಾತ್ರ ಅಲ್ಲೇ ಆರಾಮಾಗಿ ಕೂತಿರುತ್ತದೆ.

ಅಂದ ಹಾಗೆ, ಈ ವಾರ ನಿಮ್ಮ ಮನೆಯಲ್ಲಿ ಸಿಕ್ಕಿಬಿದ್ದವರು ಯಾರು?