ಅತ್ತೆ ನನ್ನ ಸವತಿಯಾದದ್ದು

ಮತದಾರರ ಪಟ್ಟಿ ಪರಿಶೀಲಿಸುವ ಮೇಡಂ ಬಾಗಲೂರಿನ ನಮ್ಮ ಮನೆಗೆ ಬಂದಾಗ ನಾನು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಅತ್ತೆ ಒಬ್ಬರೇ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ. ಮೇಡಂ ಗಂಡನ ಹೆಸರು ಕೇಳಿದ್ದಾರೆ. ನಮ್ಮ ಅತ್ತೆ ಎಂದೂ ಮಾವನ ಹೆಸರು ಹೇಳುವವರಲ್ಲ. ಡಾಕ್ಟರು ಕೇಳಿದರೂ "ನಮ್ ದೊಡ್ಡವನ ಅಪ್ಪ" ಎನ್ನುತ್ತಾರೆ, ಅಷ್ಟೇ.

"ನಮ್ ದೊಡ್ಡವನ್ ಎಸ್ರು ಬರ್ಕೊಳವ್ವ. ಅವರಪ್ಪ ಅಂದ್ರೆ ಊರ್ಗೆಲ್ಲ ಗೊತ್ತು."

ಇನ್ನೂ ಅರ್ಧ ಬೀದಿ ಸುತ್ತಬೇಕಿದ್ದ ಮೇಡಂ ಗಂಡನ ಹೆಸರಿನ ಜಾಗದಲ್ಲಿ ಆ ದೊಡ್ಡವನ ಹೆಸರನ್ನೇ ತುಂಬಿ ನಡೆದರು. ಆ ದೊಡ್ಡವನು ನನ್ನ ಗಂಡ.

ಸ್ವಲ್ಪ ದಿನಕ್ಕೆ ನೋಟಿಸು ಬಂತು. ಒಂದೇ ಮನೆ, ಒಬ್ಬ ಗಂಡ, ಇಬ್ಬರು ಹೆಂಡತಿಯರು. ಹಿರಿಯ ಹೆಂಡತಿ ಯಲಹಂಕದ ಕಚೇರಿಗೆ ಅಸಲಿ ದಾಖಲೆಗಳೊಂದಿಗೆ ಬರಬೇಕು, ಇಲ್ಲದಿದ್ದರೆ ಹೆಸರು ತೆಗೆಯಲಾಗುವುದು. ಈ ಸಲದ ಹೊಸ ನಿಯಮ ಇನ್ನೂ ಗಟ್ಟಿ: ಕಾಗದವಿದ್ದರೆ ಸಾಲದು, ವಿವರಗಳನ್ನು ಮತದಾರರೇ ಬಾಯಿಬಿಟ್ಟು ಹೇಳಬೇಕು, ಮನೆಯವರು ಹೇಳುವಂತಿಲ್ಲ.

ಆ ರಾತ್ರಿ ಊಟ ಬಡಿಸುತ್ತಾ ನಾನು, "ಸಾರು ನಿಮ್ಮ ದೊಡ್ಡ ಹೆಂಡ್ತೀದು, ಮುದ್ದೆ ಚಿಕ್ಕೋಳ್ದು" ಎಂದೆ. ನನ್ನ ಗಂಡನಿಗೆ ನೆತ್ತಿ ಹತ್ತಿತು. ಅತ್ತೆ ಮಾತ್ರ ನಗಲಿಲ್ಲ. ಅವರಿಗೂ ಮಾವನಿಗೂ ಓಟಿನ ವಿಷಯದಲ್ಲಿ ಯಾವತ್ತೂ ಸರಿಬಂದಿಲ್ಲ. ಇವರು ಒಂದು ಗುರುತಿಗೆ ಒತ್ತಿದರೆ ಅವರು ಇನ್ನೊಂದಕ್ಕೆ.

"ನನ್ನೋಟ್ ಕಿತ್ತಾಕಿದ್ರೆ ಇವರ್ಗೆ ಎದುರು ಒತ್ತೋರ್ಯಾರು?" ಎಂದರು ಅತ್ತೆ.

"ಈ ಸಲ ನನ್ನೋಟು ದಂಡ ಆಗಲ್ಲ ಬಿಡು" ಎಂದು ಮಾವ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಅತ್ತೆ ಮಾವನ ಜೊತೆ ನಾನೂ ಹೋದೆ. ಕಚೇರಿಯ ಸಾಲಿನಲ್ಲಿ ನಮ್ಮ ಮುಂದೆ ಗಾರೆ ಕೆಲಸದ ಗಂಡ ಹೆಂಡತಿ ಇದ್ದರು. ಕೆಲಸ ಸಿಕ್ಕ ಕಡೆಗೆಲ್ಲ ಮನೆ ಬದಲಾಗಿ ಅವರ ವಿಳಾಸ ತಾಳೆಯಾಗಿರಲಿಲ್ಲ. ಮಧ್ಯಾಹ್ನವಾದರೂ ಸರದಿ ಬರಲಿಲ್ಲ, ಮೇಸ್ತ್ರಿಯ ಫೋನು ಬಂತು. "ಓಟ್ ಹೋದ್ರೆ ಹೋಗ್ಲಿ ಅಕ್ಕ, ಕೆಲ್ಸ ಹೋದ್ರೆ ಏನ್ ಮಾಡೋದು?" ಎಂದು ಆಕೆ ಎದ್ದು ಹೋದಳು. ಅವರು ಗೇಟು ದಾಟುವವರೆಗೂ ಅತ್ತೆ ನೋಡುತ್ತಲೇ ಇದ್ದರು.

ನಮ್ಮ ಸರದಿ ಬಂತು. ಕಾಗದಗಳೆಲ್ಲ ಸರಿಯಿದ್ದವು.

"ಅಜ್ಜಿ, ಯಜಮಾನ್ರ ಹೆಸರು?" ಎಂದರು ಅಧಿಕಾರಿ.

"ಇಲ್ಲೇ ನಿಂತವ್ರಲ್ಲಪ್ಪ, ಅವರ್ನೇ ಕೇಳು."

"ಅವರು ಹೇಳೋ ಹಾಗಿಲ್ಲ. ನೀವೇ ಹೇಳ್ಬೇಕು."

ಮಾವನಿಗೆ ತಡೆಯಲಾಗಲಿಲ್ಲ. "ಬಾಯ್ಬಿಟ್ಟು ಏಳೇ! ನನ್ನೆಸ್ರೇನ್ ಬೈಗುಳಾನಾ?"

"ತಾತ, ನೀವು ಸುಮ್ನಿರಿ. ಅಜ್ಜಿ, ಹೇಳ್ಲಿಲ್ಲ ಅಂದ್ರೆ ನಾನು ಒಪ್ಪೋಕಾಗಲ್ಲ."

ಅತ್ತೆ ಎದ್ದು ಬಾಗಿಲಿನ ಕಡೆ ನಡೆದರು. ಮುಗಿಯಿತು, ಇವರೂ ಹೊರಟರು ಎಂದುಕೊಂಡೆ. ಆದರೆ ಹೊಸ್ತಿಲಾಚೆ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು ಒಳಕ್ಕೆ ತಿರುಗಿದರು. ನಮ್ಮ ಕಡೆ ಮದುವೆಯ ದಿನ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರನ್ನು ಪದ ಕಟ್ಟಿ ಹೇಳಿಸಿಯೇ ಒಳಗೆ ಬಿಡುತ್ತಾರೆ. ಹಾಗೆ ಹೇಳಿದರೆ ಮಾತ್ರ ತಪ್ಪಿಲ್ಲ.

"ಮುಡೀಗ್ ಮಲ್ಲಿಗೆ, ಬೆರಳ್ಗೆ ಮಸಿ,
ಅವರೋಟು ಅವರ್ಗೆ, ನನ್ನೋಟು ನಂಗೆ,
ಇಂಥವರ ಎಂಡ್ತಿ ನಾನು, ಒಳಕ್ ಬಿಡಿ!"

ಕಚೇರಿಗೆ ಕಚೇರಿಯೇ ನಕ್ಕಿತು. ಅಧಿಕಾರಿಯೂ ನಗುತ್ತಲೇ ಪಟ್ಟಿ ಸರಿಮಾಡಿಕೊಂಡರು. "ಇಂಥವರ" ಎಂದು ನಾನು ಬರೆದ ಕಡೆ ಮಾವನ ಹೆಸರಿತ್ತು. ಸೊಸೆಯಾದ ನಾನೂ ಅದನ್ನು ಹೇಳುವಂತಿಲ್ಲ, ಪದ ಕಟ್ಟಲು ನನಗೆ ಬರುವುದಿಲ್ಲ.

ಬಸ್ಸಿನಲ್ಲಿ ಮಾವ ಅತ್ತೆಯ ಕಡೆ ವಾಲಿ ಮೆಲ್ಲಗೆ ಕೇಳಿದರು. "ಮದ್ವೆ ದಿನ ಕೇಳಿದ್ದು, ಆಮ್ಯಾಕೆ ಇವತ್ತೇ. ಇನ್ನೊಂದ್ಸಲ ಏಳೇ."

"ಇನ್ನೊಂದ್ ನೋಟಿಸ್ ಬರ್ಲಿ, ನೋಡಾಣ" ಎಂದು ಅತ್ತೆ ಕಿಟಕಿಯ ಕಡೆ ತಿರುಗಿದರು.